ಯಾವ ನೂರಕ್ಕೆ ಎಷ್ಟು?

ಹೂವಿನಹಡಗಲಿ ಕಡೆ ಸಾಲದ ಮಾತು ಬಂದಾಗ ಯಾರೂ ‘ವಾರ್ಷಿಕ ಶೇಕಡಾ ಇಪ್ಪತ್ನಾಲ್ಕು’ ಎನ್ನುವುದಿಲ್ಲ. ‘ನೂರಕ್ಕ ಎರಡು ರೂಪಾಯಿ’ ಎನ್ನುತ್ತಾರೆ. ತಿಂಗಳಿಗೆ ಎಂಬುದನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ, ಕೊಡುವವರಿಗೂ ಪಡೆಯುವವರಿಗೂ ಅದು ಗೊತ್ತೇ ಇರುತ್ತದೆ. ಅದೇ ಊರಿನ ಬ್ಯಾಂಕಿನಲ್ಲಿ ‘ಶೇ 9’ ಎಂದು ಫಲಕ ಹಾಕಿದ್ದರೆ ಅದು ವರ್ಷಕ್ಕೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಸಾಹುಕಾರರ 2 ಚಿಕ್ಕದಾಗಿ, ಬ್ಯಾಂಕಿನ 9 ದೊಡ್ಡದಾಗಿ ಕಂಡರೆ ಅದು ಅವರ ದಡ್ಡತನವೇನಲ್ಲ. ಅಂಕಿಗಳನ್ನು ಹೇಳುವ ರೀತಿಯೇ ಹಾಗಿದೆ.

ಗುಣಾಕಾರ, ಭಾಗಾಕಾರವನ್ನು ಈಗ ಮೊಬೈಲೇ ಮಾಡಿಕೊಡುತ್ತದೆ. ಯಾವುದನ್ನು ನೂರು ಎಂದು ಹಿಡಿದಿದ್ದಾರೆ, ಎಷ್ಟು ಕಾಲಕ್ಕೆ ಹಿಡಿದಿದ್ದಾರೆ ಎಂಬುದನ್ನು ಮಾತ್ರ ನಾವೇ ಕೇಳಿಕೊಳ್ಳಬೇಕು. ಸಾಲ, ಸಂತೆ, ರಸಗೊಬ್ಬರ, ಮಕ್ಕಳ ಅಂಕಪಟ್ಟಿ ಎಲ್ಲದರಲ್ಲೂ ಎಡವುವುದು ಈ ಎರಡು ಪ್ರಶ್ನೆಗಳನ್ನು ಬಿಟ್ಟಾಗಲೇ.

ಬಡ್ಡಿಯನ್ನೇ ಮೊದಲು ನೋಡೋಣ. 50,000 ರೂಪಾಯಿ ಸಾಲಕ್ಕೆ ನೂರಕ್ಕೆ ಎರಡರಂತೆ ತಿಂಗಳಿಗೆ 1,000, ವರ್ಷಕ್ಕೆ 12,000. ನೂರಕ್ಕೆ ಮೂರಾದರೆ ವರ್ಷಕ್ಕೆ ಶೇ 36, ಐದಾದರೆ ಶೇ 60. ಬಡ್ಡಿ ಕಟ್ಟದೆ ಅಸಲಿಗೇ ಸೇರುತ್ತ ಹೋದರೆ ಸಾಲ ಯಾವಾಗ ಎರಡು ಪಟ್ಟಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿಯಿಂದ ಭಾಗಿಸಿದರೆ ಸಾಕು. ತಿಂಗಳಿಗೆ ಎರಡಾದರೆ 36 ತಿಂಗಳು, ಮೂರಾದರೆ 24, ಐದಾದರೆ ಹದಿನಾಲ್ಕು ತಿಂಗಳು ಚಿಲ್ಲರೆ. ಇದು ಅಂದಾಜು ಲೆಕ್ಕವಾದರೂ ನಿಜಕ್ಕೆ ತೀರ ಹತ್ತಿರ. ಕರ್ನಾಟಕದಲ್ಲಿ ಪರವಾನಗಿ ಪಡೆದ ಲೇವಾದೇವಿದಾರರು ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆ ಇಲ್ಲದ ಸಾಲಕ್ಕೆ ಶೇ 16 ಮೀರಿ ಬಡ್ಡಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಮಾತಿಗೆ ಇಳಿಸಿದರೆ ಅದು ನೂರಕ್ಕೆ ಒಂದೂಕಾಲು ರೂಪಾಯಿಯ ಆಸುಪಾಸು. ‘ನೂರಕ್ಕೆ ಎರಡು’ ಎಂಬ, ಎಲ್ಲರೂ ಧರ್ಮದ ಬಡ್ಡಿ ಎಂದುಕೊಂಡಿರುವ ದರ ಕೂಡ ಈ ಮಿತಿಯ ಆಚೆಗೇ ಇದೆ.

ವಾರದ ಕಂತಿನ ಸಾಲ ಇನ್ನೂ ಜಾಣ. 10,000 ರೂಪಾಯಿ ಸಾಲ ಎಂದು ಬರೆದುಕೊಂಡು, 1,000 ಮುಂಗಡ ಮುರಿದುಕೊಂಡು 9,000 ಕೈಗಿಡುತ್ತಾರೆ. ವಾರಕ್ಕೆ 1,000ದಂತೆ ಹತ್ತು ವಾರ ಕಟ್ಟಬೇಕು. ‘ನೂರಕ್ಕೆ ಹತ್ತು ಅಷ್ಟೇ’ ಎಂಬ ಮಾತು ಬರುತ್ತದೆ. ಕೈಗೆ ಬಂದದ್ದು 9,000, ಆದ್ದರಿಂದ ಬಡ್ಡಿ ಲೆಕ್ಕ ಹಾಕಬೇಕಾದ್ದು 9,000ದ ಮೇಲೆ. ಆ 9,000ವೂ ಹತ್ತು ವಾರ ಪೂರ್ತಿ ನಮ್ಮ ಬಳಿ ಇರುವುದಿಲ್ಲ. ಮೊದಲ ವಾರದಿಂದಲೇ ವಾಪಸ್ಸು ಹೋಗಲು ಶುರುವಾಗುತ್ತದೆ. ಬಾಕಿ ಉಳಿದ ಹಣಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ತೆಗೆದರೆ ವಾರಕ್ಕೆ ಹತ್ತಿರ ಹತ್ತಿರ ಶೇ 2. ವರ್ಷಕ್ಕೆ 52 ವಾರ. ಅಂದರೆ ವರ್ಷದ ಬಡ್ಡಿ ಶೇ 100 ದಾಟಿತು.

ಇದೇ ಸಂಗತಿ ಸೌಮ್ಯ ರೂಪದಲ್ಲಿ ಬೈಕು, ಟಿವಿ, ಫ್ರಿಜ್ಜುಗಳ ಕಂತಿನ ಸಾಲದಲ್ಲೂ ಇರುತ್ತದೆ. 60,000 ಸಾಲಕ್ಕೆ ‘ಶೇ 12 ಫ್ಲಾಟ್’ ಎಂದರೆ ವರ್ಷಕ್ಕೆ 7,200 ಬಡ್ಡಿ, ತಿಂಗಳ ಕಂತು 5,600. ಉಳಿದ ಬಾಕಿಯ ಮೇಲೆ ಮಾತ್ರ ಶೇ 12 ಹಾಕಿದ್ದರೆ ಕಂತು ಸುಮಾರು 5,330, ವರ್ಷದ ಒಟ್ಟು ಬಡ್ಡಿ 4,000ದೊಳಗೆ. ಆರು ತಿಂಗಳಲ್ಲಿ ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ 60,000ಕ್ಕೇ ಬಡ್ಡಿ ಕಟ್ಟಿಸಿಕೊಳ್ಳುವುದೇ ಫ್ಲಾಟ್ ದರದ ಗುಟ್ಟು. ಒಂದೆರಡು ವರ್ಷದ ಸಾಲವಾದರೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ ನೋಡಿ, ನಿಜವಾದ ದರ ಸಿಗುತ್ತದೆ. 12 ಎಂದದ್ದು 21ರ ಮೇಲೆ ಹೋಗುತ್ತದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು, ಅಂದರೆ ಎಪಿಆರ್ ಅನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸಹಿ ಮಾಡುವ ಮುಂಚೆ ಆ ಹಾಳೆ ಕೇಳಿ. ಅದರಲ್ಲಿ ನೋಡಬೇಕಾದ್ದು ಎಪಿಆರ್ ಒಂದನ್ನೇ.

ಬಾಯಿಲೆಕ್ಕ

ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ, ಆದರೆ ದರಕ್ಕೆ ಯಾವ ಮಾನ್ಯತೆಯೂ ಇಲ್ಲ. ಬೆಳಗಿಗೊಂದು, ಮಧ್ಯಾಹ್ನಕ್ಕೊಂದು. ಹೂ ತೂಗಿ ಹಣ ಎಣಿಸುವಾಗ ಮೊಬೈಲ್ ತೆಗೆಯುವ ಪುರಸೊತ್ತು ಇರುವುದಿಲ್ಲ. ಆಗ ಕೈಹಿಡಿಯುವುದು ಹತ್ತರ ಲೆಕ್ಕ: ಕೊನೆಯ ಒಂದು ಅಂಕಿ ಬಿಟ್ಟರೆ ಶೇ 10, ಅದರ ಅರ್ಧ ಶೇ 5, ಎರಡು ಅಂಕಿ ಬಿಟ್ಟರೆ ಶೇ 1. 1,840 ರೂಪಾಯಿಯ ಹೂವಿಗೆ ಶೇ 10 ಅಂದರೆ 184, ಶೇ 5 ಅಂದರೆ 92, ಶೇ 2 ಅಂದರೆ 36 ರೂಪಾಯಿ 80 ಪೈಸೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಎಪಿಎಂಸಿ ಕಾನೂನಿನ ಪ್ರಕಾರ ದಲಾಲಿ ಕೊಡಬೇಕಾದವರು ಖರೀದಿದಾರರು, ಮಾರುವ ರೈತರಲ್ಲ. ಅಡತಿ ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ನಿಮ್ಮ ಹಣದಿಂದ ದಲಾಲಿ ಮುರಿದಿದ್ದರೆ ಅದು ಎಷ್ಟು ಪರ್ಸೆಂಟ್ ಎಂದು ಲೆಕ್ಕ ಹಾಕುವುದಕ್ಕಿಂತ, ಯಾಕೆ ಮುರಿದಿರಿ ಎಂದು ಕೇಳುವುದೇ ಮೊದಲು.

2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತಲ್ಲ, ಅದೂ ಇದೇ ದಾರಿ. 120 ರೂಪಾಯಿ ಇದ್ದ ಟಿಕೆಟ್ಟಿಗೆ ಹತ್ತರ ಲೆಕ್ಕ 12, ಅದರ ಅರ್ಧ 6, ಒಟ್ಟು 18. ಹೊಸ ದರ 138.

ಇನ್ನೊಂದು ಉಪಾಯ ಶಾಲೆಯಲ್ಲಿ ಹೇಳಿಕೊಡುವುದು ಅಪರೂಪ. 250ರ ಶೇ 18 ಎಷ್ಟು ಎಂದರೆ ತಲೆ ಕೆರೆದುಕೊಳ್ಳುತ್ತೇವೆ. ತಿರುವಿ ಹಾಕಿ: 18ರ ಶೇ 250. ಅಂದರೆ 18ರ ಎರಡೂವರೆ ಪಟ್ಟು, 45. ಎರಡೂ ಒಂದೇ. 50ರ ಶೇ 36 ಬೇಕಾದರೆ 36ರ ಅರ್ಧ ತೆಗೆದುಕೊಳ್ಳಿ, 18. ಕಾಲು, ಅರ್ಧ, ಮುಕ್ಕಾಲುಗಳಲ್ಲೇ ಲೋಕವ್ಯವಹಾರ ನಡೆಸಿದ ಹಿರಿಯರಿಗೆ ಇದು ಹೊಸದಲ್ಲ. ಕಾಲು ಎಂದರೆ ಶೇ 25, ಅರೆಕಾಲು ಎಂದರೆ ಶೇ 12.5, ರೂಪಾಯಿಗೆ ಒಂದಾಣೆ ಎಂದರೆ ಶೇ 6.25. ಈ ಆಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಮೆಕ್ಕೆಜೋಳದ ತೇವಾಂಶ

ಈ ಭಾಗದಲ್ಲಿ ಹೆಚ್ಚು ದುಡ್ಡು ಕೈಬಿಟ್ಟು ಹೋಗುವ ಲೆಕ್ಕ ಇದೇ ಇರಬೇಕು. ಹಡಗಲಿ, ಹರಪನಹಳ್ಳಿ ಕಡೆ ರಾಶಿ ಮುಗಿಯುತ್ತಲೇ ಮೆಕ್ಕೆಜೋಳವನ್ನು ರಸ್ತೆಯ ಅಂಚಿಗೂ ಕಣದ ಮೇಲೂ ಹರಡಿರುತ್ತಾರೆ. ಖರೀದಿಗೆ ಬಂದವರು ಒಂದು ಹಿಡಿ ಕಾಳನ್ನು ಮೀಟರಿನ ಬಟ್ಟಲಿಗೆ ಸುರಿದು ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ 20 ಎಂದು ಬರುತ್ತದೆ. ‘ಹದಿನಾಲ್ಕು ಇರಬೇಕಿತ್ತು, ಆರು ಪಾಯಿಂಟ್ ಹೆಚ್ಚಿಗಿ ಐತಿ’ ಎನ್ನುತ್ತಾರೆ. ಬೆಂಬಲ ಬೆಲೆಯ ಖರೀದಿಗೆ ಶೇ 14ರ ಮಿತಿ ಇದೆ. ಖಾಸಗಿಯವರೂ ಅದನ್ನೇ ಹಿಡಿಯುತ್ತಾರೆ.

ಈಗ ಹೇಳಿ: ಶೇ 20 ತೇವಾಂಶದ 50 ಕ್ವಿಂಟಲ್ ಕಾಳನ್ನು ಶೇ 14ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? ಆರು ಪರ್ಸೆಂಟ್ ಹೋಯಿತು, ಅಂದರೆ 3 ಕ್ವಿಂಟಲ್, ಉಳಿದದ್ದು 47 ಎಂದು ಬಹುತೇಕರು ಹೇಳುತ್ತಾರೆ. ಅದು ತಪ್ಪು.

ಒಣಗುವಾಗ ಹೋಗುವುದು ನೀರು ಮಾತ್ರ, ಒಣ ಕಾಳು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಒಣ ಕಾಳಿನಿಂದಲೇ ಲೆಕ್ಕ ಶುರು ಮಾಡಬೇಕು. 50 ಕ್ವಿಂಟಲಿನಲ್ಲಿ ಶೇ 20 ನೀರು, ಅಂದರೆ 10 ಕ್ವಿಂಟಲ್. ಒಣ ಕಾಳು 40. ಶೇ 14 ತೇವಾಂಶಕ್ಕೆ ಬಂದಾಗ ಈ 40 ಕ್ವಿಂಟಲ್ ಒಟ್ಟು ತೂಕದ ಶೇ 86 ಆಗಿರುತ್ತದೆ. 40ನ್ನು 0.86ರಿಂದ ಭಾಗಿಸಿ: 46.5 ಕ್ವಿಂಟಲ್. ತೂಕ ಇಳಿದದ್ದು 3 ಕ್ವಿಂಟಲ್ ಅಲ್ಲ, ಮೂರೂವರೆ. ಮೀಟರಿನ 20 ಹಸಿ ತೂಕಕ್ಕೆ ಹೇಳಿದ್ದು, 14 ಒಣಗಿದ ತೂಕಕ್ಕೆ ಹೇಳಿದ್ದು. ನೂರೇ ಬೇರೆಯಾದ ಮೇಲೆ ಇಪ್ಪತ್ತರಲ್ಲಿ ಹದಿನಾಲ್ಕು ಕಳೆದರೆ ಸರಿಯಾದ ಉತ್ತರ ಹೇಗೆ ಬಂದೀತು?

ಸೂತ್ರ ಬೇಕಾದರೆ ಹೀಗಿದೆ: ನೂರರಲ್ಲಿ ಈಗಿನ ತೇವಾಂಶ ಕಳೆಯಿರಿ, ನೂರರಲ್ಲಿ ಬೇಕಾದ ತೇವಾಂಶ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಇಲ್ಲಿ 80 ಭಾಗ 86, ಅಂದರೆ 0.93. ತೂಕಕ್ಕೆ ಇದರಿಂದ ಗುಣಿಸಿದರೆ ಒಣಗಿದ ತೂಕ, ದರಕ್ಕೆ ಗುಣಿಸಿದರೆ ಹಸಿ ಕಾಳಿನ ನ್ಯಾಯವಾದ ದರ.

ಎರಡನೆಯದೇ ಹೆಚ್ಚು ಉಪಯೋಗ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಒಣ ಕಾಳಿಗೆ ಅಷ್ಟು ಸಿಗುವುದಾದರೆ ಶೇ 20 ತೇವಾಂಶದ ಕಾಳಿಗೆ ಸುಮಾರು 2,233 ಸಿಕ್ಕರೆ ಸಮಸಮ. ಕಣದಲ್ಲೇ 2,250 ಕೊಡುತ್ತೇನೆಂದು ಬಂದವರಿಗೆ ತೂಗಿಕೊಟ್ಟುಬಿಡುವುದು ಲೇಸು. ಒಣಗಿಸುವ ಕೂಲಿಯೂ ಉಳಿಯಿತು, ಮಳೆಯ ಭಯವೂ ತಪ್ಪಿತು. 2,100 ಎಂದರೆ 50 ಕ್ವಿಂಟಲಿಗೆ ಆರೂವರೆ ಸಾವಿರದ ಮೇಲೆ ಹೋಗುತ್ತದೆ, ನಾಲ್ಕು ದಿನ ತಾಡಪಾಲು ಹಾಸಿ ಒಣಗಿಸುವುದೇ ಮೇಲು. ಯಾವ ದರ ನಡೆಯುತ್ತಿದ್ದರೂ 2,400ರ ಜಾಗದಲ್ಲಿ ಅದನ್ನಿಟ್ಟು ಇದೇ ಲೆಕ್ಕ ಮಾಡಬಹುದು.

ವ್ಯಾಪಾರಿಗಳ ಪರವಾಗಿಯೂ ಒಂದು ಮಾತು ಆಡಬೇಕು. ಪಾಯಿಂಟಿಗೆ ಒಂದು ಕಿಲೊದಂತೆ ಕ್ವಿಂಟಲಿಗೆ ಆರು ಕಿಲೊ ಕಡಿತ ಮಾಡಿದರೆ ಮೋಸ ಮಾಡಿದರೆಂದು ಜಗಳಕ್ಕೆ ಹೋಗುವವರಿದ್ದಾರೆ. ಲೆಕ್ಕದ ಪ್ರಕಾರ ಪಾಯಿಂಟಿಗೆ 1 ಕಿಲೊ 160 ಗ್ರಾಂ ಕಡಿತ ನ್ಯಾಯವೇ. ಒಂದೂವರೆ ಕಿಲೊ, ಎರಡು ಕಿಲೊ ಮುರಿದಾಗ ಜಗಳ ತೆಗೆಯಿರಿ.

ಇಳಿದಷ್ಟೇ ಏರಿದರೆ ಸಾಲದು

ಮದುವೆ ಸುಗ್ಗಿಯಲ್ಲಿ ಕಿಲೊ ಮಲ್ಲಿಗೆ 400ಕ್ಕೆ ಹೋಗುತ್ತಿದ್ದದ್ದು ಹೂ ವಿಪರೀತ ಬಂದಾಗ 100ಕ್ಕೆ ಬಿತ್ತು ಎನ್ನಿ. ಇಳಿಕೆ ಶೇ 75. ಮತ್ತೆ 400 ಆಗಬೇಕಾದರೆ ಶೇ 75 ಏರಿದರೆ ಸಾಕೇ? ಏರಿದರೆ 175 ಆದೀತು. ಶೇ 300 ಏರಬೇಕು. ಬೀಳುವಾಗ ನೂರು ಎಂದರೆ 400, ಏಳುವಾಗ ನೂರು ಎಂದರೆ 100.

ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ತನಕ ಹಿನ್ನೀರು ಚಾಚುವ ತುಂಗಭದ್ರಾ ಜಲಾಶಯದ ಅಂಕಿಗಳನ್ನು ಮಳೆಗಾಲದಲ್ಲಿ ಪತ್ರಿಕೆಯಲ್ಲಿ ನೋಡುತ್ತೇವೆ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ 105.788. ಕಳೆದುಕೊಂಡದ್ದು ಶೇ 20ರ ಮೇಲೆ ತುಸು. ಹೂಳೆತ್ತಿ ಮೊದಲಿನಂತೆ ಮಾಡಬೇಕಾದರೆ ಈಗಿರುವುದರ ಮೇಲೆ ಹೆಚ್ಚೂಕಡಿಮೆ ಶೇ 26 ಸೇರಿಸಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಮರುವರ್ಷ ಸುರಕ್ಷತೆಗೆಂದು 80 ಟಿಎಂಸಿಗೆ ಸಂಗ್ರಹವನ್ನು ಮಿತಗೊಳಿಸಿದರು. ಇದು ಈಗಿನ ಸಾಮರ್ಥ್ಯದ ಶೇ 75ಕ್ಕೂ ಹೆಚ್ಚು, ಮೂಲ ಸಾಮರ್ಥ್ಯದ ಶೇ 60 ಮಾತ್ರ. ಎರಡೂ ನಿಜ. ಭಾಷಣದಲ್ಲಿ ಯಾರು ಯಾವುದನ್ನು ಹೇಳುತ್ತಾರೆ ಎಂಬುದು ಅವರು ಯಾವ ಕಡೆ ಕೂತಿದ್ದಾರೆ ಎಂಬುದರ ಮೇಲೆ.

ಜಿಎಸ್‌ಟಿಯದೂ ಇದೇ ಕಥೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ 28ರಿಂದ 18ಕ್ಕೆ ಇಳಿದಾಗ ಮನೆ ಕಟ್ಟುತ್ತಿದ್ದವರು ಬೆಲೆ ಶೇ 10 ಇಳಿಯುತ್ತದೆಂದು ಕಾದರು. ತೆರಿಗೆ ಬಿಟ್ಟು 250 ರೂಪಾಯಿಯ ಚೀಲ ಮೊದಲು 320 ಆಗುತ್ತಿತ್ತು, ಈಗ 295. ಇಳಿದದ್ದು 25 ರೂಪಾಯಿ, 320ಕ್ಕೆ ಹೋಲಿಸಿದರೆ ಶೇ 7.8. ತೆರಿಗೆ ಹತ್ತು ಅಂಶ ಇಳಿಯಿತು, ಬೆಲೆ ಶೇ 10 ಇಳಿಯಲಿಲ್ಲ. ಕೃಷಿ ಟ್ರ್ಯಾಕ್ಟರಿನದು 12ರಿಂದ 5ಕ್ಕೆ ಬಂತು. 112 ಕೊಡುವ ಕಡೆ 105. ಏಳನ್ನು 112ರಿಂದ ಭಾಗಿಸಿದರೆ ಹದಿನಾರರಲ್ಲೊಂದು ಪಾಲು, ಶೇ 6.25: ರೂಪಾಯಿಗೆ ಸರಿಯಾಗಿ ಒಂದಾಣೆ ಇಳಿಕೆ. 6,72,000ದ ಗಾಡಿ 6,30,000ಕ್ಕೆ ಸಿಗಬೇಕು. ಶೋರೂಮಿನವರು ಮೂಲ ಬೆಲೆಯನ್ನೇ ಸದ್ದಿಲ್ಲದೆ ಏರಿಸಿಲ್ಲ ತಾನೇ ಎಂದು ಬಿಲ್ಲಿನಲ್ಲಿ ತೆರಿಗೆಗಿಂತ ಮೇಲಿನ ಸಾಲನ್ನು ನೋಡಿ.

ತೆರಿಗೆ ಸೇರಿದ ಮೊತ್ತದಿಂದ ತೆರಿಗೆ ತೆಗೆಯುವಾಗಲೂ ಎಚ್ಚರ ಬೇಕು. 1,180ರಲ್ಲಿ ಶೇ 18 ಕಳೆದರೆ 967 ಚಿಲ್ಲರೆ ಬರುತ್ತದೆ, ಸರಿಯಾದ ಉತ್ತರ 1,000. ಕಳೆಯಬಾರದು, 1.18ರಿಂದ ಭಾಗಿಸಬೇಕು.

ಸೀರೆ ಅಂಗಡಿಯ ‘50 + 20’ ಚೀಟಿಗೆ ಹೆಚ್ಚು ಮಾತು ಬೇಡ. 2,000ದ ಸೀರೆ ಮೊದಲು 1,000 ಆಗುತ್ತದೆ, ಉಳಿದ ಸಾವಿರಕ್ಕೆ ಶೇ 20 ಬಿಟ್ಟು 800. ಒಟ್ಟು ರಿಯಾಯಿತಿ ಶೇ 60, ಎಪ್ಪತ್ತಲ್ಲ. ಎರಡು ಕೊಂಡರೆ ಒಂದು ಉಚಿತ ಎಂದರೆ ಶೇ 33 ರಿಯಾಯಿತಿ, ಅದೂ ಮೂರು ಸೀರೆ ನಿಜಕ್ಕೂ ಬೇಕಿದ್ದರೆ. ಬಂಗಾರದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಲೆಕ್ಕಕ್ಕೆ ಸುಲಭವಾಗಲೆಂದು ಗ್ರಾಂಗೆ 10,000 ಇಟ್ಟುಕೊಂಡರೆ ಹತ್ತು ಗ್ರಾಂಗೆ 1 ಲಕ್ಷ. ವೇಸ್ಟೇಜ್, ಮಜೂರಿ ಎಂದು ಶೇ 10 ಸೇರಿ 1,10,000. ಅದರ ಮೇಲೆ ಶೇ 3 ಜಿಎಸ್‌ಟಿ ಬಿದ್ದು 1,13,300. ನಾಳೆಯೇ ಮಾರಲು ಹೋದರೆ ಲೆಕ್ಕಕ್ಕೆ ಬರುವುದು ಬಂಗಾರದ ಬೆಲೆ ಮಾತ್ರ. ಹಾಕಿದ ದುಡ್ಡು ವಾಪಸ್ಸು ಬರಬೇಕಾದರೆ ಬಂಗಾರ ಶೇ 13ರ ಮೇಲೆ ಏರಬೇಕು.

ಚೀಲದ ಮೇಲಿನ ಅಂಕಿ, ವಿಮೆಯ ಅಂಕಿ

ಗೊಬ್ಬರದ ಚೀಲದ ಮೇಲೆ ಬರೆದ 10:26:26 ಎಂಬುದು ಪರ್ಸೆಂಟೇ: ನೂರು ಕಿಲೊ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಕಿಲೊ ಎಂಬ ಲೆಕ್ಕ. ಚೀಲ ನೂರು ಕಿಲೊ ಇರುವುದಿಲ್ಲ. ಯೂರಿಯಾ ಚೀಲ 45 ಕಿಲೊ, ಅದರಲ್ಲಿ ಸಾರಜನಕ ಶೇ 46, ಅಂದರೆ 20.7 ಕಿಲೊ. ಡಿಎಪಿ 50 ಕಿಲೊ ಚೀಲದಲ್ಲಿ ಸಾರಜನಕ 9 ಕಿಲೊ, ರಂಜಕ 23 ಕಿಲೊ. ಹೊಲಕ್ಕೆ 40 ಕಿಲೊ ಸಾರಜನಕ ಬೇಕೆಂದು ಕೃಷಿ ಇಲಾಖೆಯವರು ಹೇಳಿ, ಒಂದು ಚೀಲ ಡಿಎಪಿಯನ್ನು ಆಗಲೇ ಹಾಕಿದ್ದರೆ, ಉಳಿದದ್ದು 31 ಕಿಲೊ. ಅದನ್ನು 0.46ರಿಂದ ಭಾಗಿಸಿದರೆ 67 ಕಿಲೊ ಯೂರಿಯಾ, ಸರಿಸುಮಾರು ಒಂದೂವರೆ ಚೀಲ. ಪಕ್ಕದ ಹೊಲದವರು ಮೂರು ಚೀಲ ಎರಚಿದರೆಂದು ನಾವೂ ಎರಚಬೇಕಿಲ್ಲ.

ಫಸಲ್ ಬಿಮಾದಲ್ಲಿ ರೈತರು ಕಟ್ಟುವುದು ವಿಮಾ ಮೊತ್ತದ ಶೇ 2 (ಮುಂಗಾರು), ಶೇ 1.5 (ಹಿಂಗಾರು), ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ 5. ಇದು ಸುಲಭ. ಸಿಟ್ಟು ಬರಿಸುವುದು ಪರಿಹಾರದ ಲೆಕ್ಕ. ನಿಮ್ಮ ಹೊಲ ಪೂರ್ತಿ ಒಣಗಿ ಹೋಗಿದ್ದರೂ ಪರಿಹಾರ ಶೇ 30 ಬರಬಹುದು, ಯಾಕೆಂದರೆ ಮುಖ್ಯ ಬೆಳೆಗಳಿಗೆ ಲೆಕ್ಕ ಹಿಡಿಯುವುದು ಇಡೀ ಗ್ರಾಮ ಪಂಚಾಯಿತಿಯ ಇಳುವರಿಯನ್ನು. ಪಂಚಾಯಿತಿಗೆ ನಿಗದಿಯಾದ ಇಳುವರಿ 20 ಕ್ವಿಂಟಲ್, ಬೆಳೆ ಕಟಾವು ಪ್ರಯೋಗದಲ್ಲಿ ಬಂದದ್ದು 14 ಎಂದಾದರೆ ಕೊರತೆ 6. ಇಪ್ಪತ್ತರಲ್ಲಿ ಆರು, ಶೇ 30. ವಿಮಾ ಮೊತ್ತ 50,000 ಇದ್ದರೆ 15,000. ಆದ್ದರಿಂದ ತಕರಾರಿದ್ದರೆ ಎತ್ತಬೇಕಾದ್ದು ಕಟಾವು ಪ್ರಯೋಗ ನಡೆಯುವಾಗ, ಹಣ ಖಾತೆಗೆ ಬಿದ್ದ ಮೇಲಲ್ಲ.

ಇನ್ನು ಮಕ್ಕಳ ಅಂಕ. ಎಸ್ಸೆಸ್ಸೆಲ್ಸಿಯ ಒಟ್ಟು 625ಕ್ಕೆ ಪರ್ಸೆಂಟ್ ತೆಗೆಯಲು ಅನೇಕ ಅಪ್ಪಂದಿರು ಒದ್ದಾಡುತ್ತಾರೆ. ಆಣೆ ನೆನಪಿದೆಯೇ? 625ನ್ನು 16ರಿಂದ ಗುಣಿಸಿದರೆ ಸರಿಯಾಗಿ 10,000. ಹಾಗಾಗಿ ಬಂದ ಅಂಕವನ್ನು 16ರಿಂದ ಗುಣಿಸಿ ಎರಡು ಸ್ಥಾನ ಹಿಂದೆ ಚುಕ್ಕಿ ಇಟ್ಟರೆ ಮುಗಿಯಿತು. 500 ಬಂದರೆ 80.00, 562 ಬಂದರೆ 89.92. ಪಿಯುಸಿಯ 600ಕ್ಕೆ 6ರಿಂದ ಭಾಗಿಸಿದರಾಯಿತು. ಕಲ್ಯಾಣ ಕರ್ನಾಟಕದವರಿಗೆ 371ಜೆ ಅಡಿ ಈ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗಿನ ಭಾಗದ ಕಾಲೇಜುಗಳಲ್ಲಿ ಶೇ 8 ಮೀಸಲು ಎಂಬುದನ್ನು ಕೇಳಿ ‘ನನ್ನ ಮಗಳಿಗೆ ಎಪ್ಪತ್ತು ಬಂದಿಲ್ಲವಲ್ಲ’ ಎಂದು ಹೆದರುವವರಿದ್ದಾರೆ. ಈ ಎಪ್ಪತ್ತು ಸೀಟುಗಳದ್ದು, ಅಂಕದ್ದಲ್ಲ: 60 ಸೀಟು ಇದ್ದರೆ 42 ನಮ್ಮವರಿಗೆ ಎಂದರ್ಥ.

2025–26ನೇ ಸಾಲಿನಿಂದ ಎಸ್ಸೆಸ್ಸೆಲ್ಸಿ ಪಾಸಾಗಲು ಒಟ್ಟು ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇದ್ದರೆ ಸಾಕು. ಇಲಾಖೆ ಹೇಳಿದ ಒಟ್ಟು ಅಂಕ 206. ಅದನ್ನು 16ರಿಂದ ಗುಣಿಸಿ ನೋಡಿ, 32.96 ಬರುತ್ತದೆ. 625ರ ಶೇ 33 ಎಂದರೆ ನಿಜವಾಗಿ 206 ಕಾಲು. ಆ ಕಾಲು ಅಂಕವನ್ನು ಸರ್ಕಾರ ಮಕ್ಕಳಿಗೆ ಬಿಟ್ಟುಕೊಟ್ಟಿದೆ.